ಹತ್ತಿದ ಗೇರಿನಲ್ಲೇ ಇಳಿಯಬೇಕು

ಲಾರಿ ಓಡಿಸುವುದನ್ನು ಕಲಿಸಲು ಶಾಲೆಯೊಂದಿದೆ, ಅಲ್ಲಿ ಕರಿಹಲಗೆ ಇದೆ, ದಿನವೂ ಹಾಜರಿ ಹಾಕುತ್ತಾರೆ ಎಂದರೆ ನಮ್ಮ ಆಲೂರು ಕಡೆಯ ಹಳ್ಳಿಗಳಲ್ಲಿ ಈಗಲೂ ನಂಬದವರಿದ್ದಾರೆ. ಲಾರಿ ಎಂದರೆ ಕ್ಲೀನರ್ ಆಗಿ ಹತ್ತಿ ಡ್ರೈವರ್ ಆಗಿ ಇಳಿಯುವ ವಿದ್ಯೆ ಎಂದೇ ಎಲ್ಲರ ತಿಳಿವಳಿಕೆ. ನನ್ನ ಸೋದರಮಾವ ಕಲಿತದ್ದು ಹಾಗೆಯೇ. ಮೀಸೆ ಮೂಡುವ ಮೊದಲೇ ನಾಟಾ ಸಾಗಿಸುವ ಲಾರಿಗೆ ಸೇರಿದರು. ವರ್ಷಗಟ್ಟಲೆ ಟೈರ್ ಬಡಿದು ಗಾಳಿ ನೋಡಿದರು, ಗಾಜು ಒರೆಸಿದರು, ಹಗ್ಗ ಬಿಗಿದರು, ಡ್ರೈವರ್‌ಗೆ ನಿದ್ದೆ ಬಾರದಂತೆ ಮಾತನಾಡುತ್ತ ಕುಳಿತರು. ರಾತ್ರಿ ಖಾಲಿ ಗಾಡಿ ಮರಳುವಾಗ ಅರ್ಧ ಗಂಟೆ ಸ್ಟೇರಿಂಗ್ ಸಿಕ್ಕಿದರೆ ಅದೇ ಪಾಠ. ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಯಾವ ತಿರುವಿನಲ್ಲಿ ಇಂಜಿನ್ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು ಕೇಳಿ ಕೇಳಿಯೇ ಗೇರ್ ಕಲಿತೆ ಎಂದು ಅವರು ಹೇಳುತ್ತಾರೆ.

ಹಾಗೆ ಕಲಿಯುವ ಜಾಗವೇ ಈಗ ಇಲ್ಲವಾಗುತ್ತಿದೆ. ಹಾಸನದ ಬಿ.ಎಂ. ರಸ್ತೆಯ ಬದಿಯಲ್ಲಿ ಊಟಕ್ಕೆ ನಿಂತ ಲಾರಿಗಳನ್ನು ಗಮನಿಸಿ. ಎಷ್ಟೋ ಲಾರಿಗಳಿಂದ ಒಬ್ಬನೇ ಇಳಿಯುತ್ತಾನೆ, ಒಬ್ಬನೇ ಊಟ ಮಾಡುತ್ತಾನೆ, ಒಬ್ಬನೇ ಸುತ್ತು ಬಂದು ಚಕ್ರ ನೋಡಿ ಹತ್ತಿ ಹೋಗುತ್ತಾನೆ. ಬಾಡಿಗೆಯಲ್ಲಿ ಡೀಸೆಲ್, ಟೋಲ್, ಸಾಲದ ಕಂತು ಕಳೆದರೆ ಕ್ಲೀನರ್ ಸಂಬಳಕ್ಕೆ ಏನೂ ಉಳಿಯುವುದಿಲ್ಲ ಎನ್ನುತ್ತಾರೆ ಮಾಲೀಕರು. ಎಡಗಡೆಯ ಸೀಟು ಖಾಲಿಯಾದ ಮೇಲೆ ಮುಂದಿನ ಡ್ರೈವರ್ ಎಲ್ಲಿಂದ ಬರಬೇಕು? ತರಬೇತಿ ಶಾಲೆಯಿಂದಲೇ ಬರಬೇಕು. ಆದ್ದರಿಂದ ಆ ಶಾಲೆ ಏನನ್ನು ಕಲಿಸುತ್ತದೆ, ಏನನ್ನು ಕಲಿಸದೆ ಕಳಿಸುತ್ತದೆ ಎಂಬುದು ಬರೀ ಕಲಿಯುವವನ ವಿಷಯವಲ್ಲ, ಆ ರಸ್ತೆಯಲ್ಲಿ ಓಡಾಡುವ ಎಲ್ಲರ ವಿಷಯ.

ನಾನು ತರಬೇತಿ ಶಾಲೆಗೆ ಸೇರುವ ಮುಂಚೆ ಕೆಲವು ವರ್ಷ ಪಿಕಪ್ ಓಡಿಸುತ್ತಿದ್ದೆ. ಊರಿನ ಶುಂಠಿ, ಆಲೂಗೆಡ್ಡೆಯನ್ನು ಹಾಸನದ ಎಪಿಎಂಸಿಗೆ ತಲುಪಿಸುವುದು ಕೆಲಸ. ಸುಗ್ಗಿಯಲ್ಲಿ ಬಿಡುವಿಲ್ಲ, ಉಳಿದ ದಿನ ಕೆಲಸವಿಲ್ಲ. ದೊಡ್ಡ ಗಾಡಿ ಬಂದರೆ ವರ್ಷವಿಡೀ ದುಡಿಮೆ ಎಂಬ ಲೆಕ್ಕ ನನ್ನದು. ಕಾನೂನಿನ ಮೆಟ್ಟಿಲುಗಳು ಕಷ್ಟದವಲ್ಲ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾಗಿರಬೇಕು. ಎಂಟನೇ ತರಗತಿ ಓದಿರಬೇಕೆಂಬ ನಿಯಮವೊಂದಿತ್ತು, 2019ರಲ್ಲಿ ಅದನ್ನು ತೆಗೆದುಹಾಕಿದರು. ಅದು ಸರಿಯಾದ ಕೆಲಸ ಎಂದೇ ನನ್ನ ನಂಬಿಕೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕನ್ನಡಿ ನೋಡಿ ಗಾಡಿ ಹಿಂದಕ್ಕೆ ತರುತ್ತಿದ್ದ ಹುಡುಗ ಐದನೇ ತರಗತಿಗೆ ಶಾಲೆ ಬಿಟ್ಟವನು. 7,500 ಕೆ.ಜಿ. ಒಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ. ಆರು ಚಕ್ರದ, ಹತ್ತು ಚಕ್ರದ ಲಾರಿಗೆ ಅದು ಸಾಲದು. ಅದಕ್ಕೆ ಭಾರಿ ವಾಹನದ ತರಬೇತಿ ಮುಗಿಸಿ ಶಾಲೆಯ ಪ್ರಮಾಣಪತ್ರ ಹಿಡಿದುಕೊಂಡೇ ಆರ್‌ಟಿಒ ಕಚೇರಿಗೆ ಹೋಗಬೇಕು.

ಆ ತರಬೇತಿ ಎಷ್ಟಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕನಿಷ್ಠ 30 ದಿನಗಳ ಅವಧಿ, ಅದರಲ್ಲಿ ನಿಜವಾಗಿ ಸ್ಟೇರಿಂಗ್ ಹಿಡಿದು ಓಡಿಸುವುದು ಕನಿಷ್ಠ 15 ಗಂಟೆ. ಪಠ್ಯದಲ್ಲಿ ಸಂಚಾರ ನಿಯಮ, ಇಂಜಿನ್ ಜ್ಞಾನ, ನಿರ್ವಹಣೆ, ಬೆಂಕಿಯ ಅಪಾಯ, ಪ್ರಥಮ ಚಿಕಿತ್ಸೆ ಎಲ್ಲವೂ ಇವೆ. ಮಾವ ವರ್ಷಗಟ್ಟಲೆ ಕಲಿತದ್ದಕ್ಕೆ ಎದುರಾಗಿ ಈ ಹದಿನೈದು ಗಂಟೆ. ಇದು ಸಾಕೇ ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ. ಮೊದಲು ಶಾಲೆ ಕೊಟ್ಟದ್ದನ್ನು ಹೇಳಬೇಕು, ಏಕೆಂದರೆ ಅದು ಬಹಳ.

ಶಾಲೆ ಹಾಸನದ ಹೊರವಲಯದಲ್ಲಿ, ಅರಸೀಕೆರೆ ರಸ್ತೆಯ ಕಡೆಗಿದೆ. ನಮ್ಮ ತರಬೇತುದಾರರು ಬಸ್ಸು, ಲಾರಿ ಎರಡನ್ನೂ ಓಡಿಸಿ ನಿವೃತ್ತರಾದವರು. ನಾವೆಲ್ಲ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದೆವು. ಮೊದಲ ದಿನಗಳಲ್ಲಿ ಅವರು ಕ್ಯಾಬಿನ್ ಹತ್ತಲು ಬಿಡಲೇ ಇಲ್ಲ. ಗಾಡಿಯ ಸುತ್ತ ನಡೆಸಿದರು. ಎಲ್ಲಿ ಎಣ್ಣೆ ಸೋರಿದೆ, ಯಾವ ಚಕ್ರದ ನಟ್ಟಿನ ಸುತ್ತ ತುಕ್ಕಿನ ಗೆರೆ ಮೂಡಿದೆ, ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿದೆಯೇ, ಲೀಫ್ ಸ್ಪ್ರಿಂಗಿನ ಪಟ್ಟಿಯಲ್ಲಿ ಬಿರುಕಿದೆಯೇ ಎಂದು ನೋಡಿಸಿದರು. ಕಬ್ಬಿಣದ ರಾಡಿನಿಂದ ಟೈರ್ ಬಡಿದು ಸದ್ದು ಕೇಳಿಸಿದರು. ಗಾಳಿ ಸರಿಯಿರುವ ಟೈರಿನ ಸದ್ದು ಬಿಗಿಯಾಗಿ ಹಿಂದಿರುಗುತ್ತದೆ, ಇಳಿದ ಟೈರಿನದು ಮಂದ. ಜೋಡಿಯಲ್ಲಿ ಒಂದು ಟೈರಿನ ಗಾಳಿ ಇಳಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಪಕ್ಕದ ಟೈರು ಎರಡರ ಭಾರವನ್ನೂ ಹೊತ್ತುಕೊಂಡು ಬಿಸಿಯಾಗುತ್ತ ಹೋಗುತ್ತದೆ. ಕ್ಲೀನರ್‌ನ ಕೆಲಸ ಎಂದು ಎಲ್ಲರೂ ಹಗುರವಾಗಿ ಕಂಡದ್ದರೊಳಗೆ ಇಷ್ಟು ತಿಳಿವಳಿಕೆ ಅಡಗಿತ್ತು ಎಂಬುದು ಅಲ್ಲಿ ನಿಂತಾಗ ಅರ್ಥವಾಯಿತು.

ಆಮೇಲೆ ಗಾಳಿಯ ಪಾಠ. ನನ್ನ ಪಿಕಪ್‌ನಲ್ಲಿ ಬ್ರೇಕ್ ಎಂದರೆ ಎಣ್ಣೆ. ಲಾರಿಯಲ್ಲಿ ಬ್ರೇಕ್ ಎಂದರೆ ಗಾಳಿ. ಇಂಜಿನ್ನಿನಿಂದ ನಡೆಯುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕುಗಳಿಗೆ ತುಂಬುತ್ತದೆ. ಪೆಡಲ್ ತುಳಿದಾಗ ಆ ಗಾಳಿ ಹೋಗಿ ಬ್ರೇಕ್ ಹಿಡಿಸುತ್ತದೆ. ಆದರೆ ನಿಂತ ಗಾಡಿಯನ್ನು ಹಿಡಿದಿಡುವ ಬ್ರೇಕ್ ಇದಕ್ಕೆ ತಿರುಗುಮುರುಗು. ಅಲ್ಲಿ ಗಟ್ಟಿ ಸ್ಪ್ರಿಂಗ್ ಯಾವಾಗಲೂ ಬ್ರೇಕನ್ನು ಹಿಡಿದೇ ಇರುತ್ತದೆ, ಗಾಳಿಯ ಒತ್ತಡ ಅದನ್ನು ಬಿಡಿಸುತ್ತದೆ. ಗಾಳಿ ಪೂರ್ತಿ ಸೋರಿಹೋದರೆ ಚಕ್ರ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊರಡುವಂತಿಲ್ಲ, ಮೀಟರಿನ ಮುಳ್ಳು ಮೇಲೇರುವವರೆಗೆ ಕಾಯಬೇಕು. ಸಂಜೆ ಟ್ಯಾಂಕಿನ ಕೆಳಗಿನ ವಾಲ್ವ್ ಬಿಟ್ಟು ಒಳಗೆ ಸೇರಿದ ನೀರನ್ನು ಹೊರಗೆ ಹಾಕಬೇಕು. ಗಾಳಿ ಒತ್ತಿದಷ್ಟೂ ಅದರಲ್ಲಿನ ತೇವ ನೀರಾಗುತ್ತದೆ. ಮಳೆಗಾಲದ ಸಕಲೇಶಪುರದಲ್ಲಿ ಅದು ಎಷ್ಟು ಸೇರುತ್ತದೆ ಎಂದು ಕೇಳಬೇಕಾಗಿಯೇ ಇಲ್ಲ.

ಮೇಷ್ಟ್ರು ಇದನ್ನೆಲ್ಲ ಬರೀ ಯಂತ್ರದ ವಿವರವಾಗಿ ಹೇಳಲಿಲ್ಲ. ‘ನೋಡಪ್ಪ, ಪೆಡಲ್ ಒಂದು ಸಲ ತುಳಿದರೆ ಒಂದಿಷ್ಟು ಗಾಳಿ ಖರ್ಚಾಯಿತು ಎಂದು ಲೆಕ್ಕ ಇಟ್ಟುಕೊ. ಇಳಿಜಾರಿನಲ್ಲಿ ತುಳಿಯುತ್ತಲೇ ಇದ್ದರೆ ನಿನ್ನ ಖಜಾನೆ ನೀನೇ ಖಾಲಿ ಮಾಡುತ್ತಿದ್ದೀಯ’ ಎಂದರು. ಬ್ರೇಕ್ ಹಾಕುವುದು ಕಾಲಿನ ಕೆಲಸ ಎಂದುಕೊಂಡಿದ್ದ ನಮಗೆ ಅದು ಮುಂಚಿತವಾಗಿ ಯೋಚಿಸುವ ಕೆಲಸವೆಂದು ತಿಳಿದದ್ದು ಆ ಮಾತಿನಿಂದ.

ತಿರುವಿನ ಪಾಠ ನನಗೆ ತುಂಬ ಹಿಡಿಸಿದ್ದು. ಈಗಿನ ಚಪ್ಪಟೆ ಮುಖದ ಲಾರಿಗಳಲ್ಲಿ ಡ್ರೈವರ್ ಮುಂದಿನ ಚಕ್ರದ ಮೇಲೆಯೇ, ಕೆಲವೊಮ್ಮೆ ಅದಕ್ಕಿಂತ ಮುಂದೆ ಕುಳಿತಿರುತ್ತಾನೆ. ಕಾರಿನ ಅಭ್ಯಾಸದಲ್ಲಿ ತಿರುವು ಕಂಡ ಕೂಡಲೇ ಸ್ಟೇರಿಂಗ್ ತಿರುಗಿಸಿದರೆ ಹಿಂದಿನ ಚಕ್ರ ಒಳಗಿನ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಆ ಮೂಲೆಯಲ್ಲಿ ಚರಂಡಿ ಇರಬಹುದು, ಸೈಕಲ್ ಮೇಲಿನ ಮಗು ಇರಬಹುದು. ತಾನು ಮೂಲೆಯನ್ನು ದಾಟಿದ ಮೇಲೆ ತಿರುಗಿಸಬೇಕು, ಎದೆಯಲ್ಲಿ ಸ್ವಲ್ಪ ಅಳುಕಿದ್ದರೂ ಅಲ್ಲಿಯವರೆಗೆ ನೇರ ಹೋಗಬೇಕು. ಮೈದಾನದಲ್ಲಿ ಡ್ರಮ್ಮುಗಳನ್ನಿಟ್ಟು ಇದನ್ನು ಮತ್ತೆ ಮತ್ತೆ ಮಾಡಿಸಿದರು. ಎಡಗಡೆ, ಕ್ಯಾಬಿನ್ನಿನ ಬುಡದಲ್ಲಿ ನಿಂತ ಮನುಷ್ಯ ಡ್ರೈವರ್‌ಗೆ ಕಾಣುವುದೇ ಇಲ್ಲ ಎಂದು ತೋರಿಸಲು ನಮ್ಮಲ್ಲೊಬ್ಬನನ್ನು ಅಲ್ಲಿ ನಿಲ್ಲಿಸಿ, ಉಳಿದವರನ್ನು ಒಬ್ಬೊಬ್ಬರಾಗಿ ಸೀಟಿನಲ್ಲಿ ಕೂರಿಸಿದರು. ಪ್ರತಿಯೊಬ್ಬರೂ ಇಳಿದು ಬರುವಾಗ ಮುಖ ಗಂಭೀರವಾಗಿತ್ತು. ಲಾರಿಯ ಎಡಗಡೆಯಿಂದ ನುಗ್ಗುವ ಪ್ರತಿ ಬೈಕ್ ಸವಾರನನ್ನೂ ಆ ಸೀಟಿನಲ್ಲಿ ಎರಡು ನಿಮಿಷ ಕೂರಿಸುವ ವ್ಯವಸ್ಥೆಯಾದರೆ ಎಷ್ಟೋ ಮನೆಗಳ ದೀಪ ಉಳಿಯುತ್ತದೆ.

ಗೇರ್, ಕ್ಲಚ್ಚಿನ ವಿಷಯ ಬೇಗ ಮುಗಿಸುತ್ತೇನೆ, ಅದು ಅಭ್ಯಾಸದಿಂದ ಬರುವಂಥದ್ದು. ಇಂಜಿನ್ ಮೀಟರಿನ ಹಸಿರು ಪಟ್ಟಿಯೊಳಗೆ ಮುಳ್ಳು ಇರಬೇಕು, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬಾರದು, ಇಷ್ಟೇ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಳಿಯ ಬಗ್ಗೆ ಮಾತ್ರ ಮೇಷ್ಟ್ರು ಧ್ವನಿ ಏರಿಸಿ ಮಾತನಾಡಿದರು. ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಂತೆ ಇಡಲು ಡೀಸೆಲ್ ಹೋಗುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಾಸನದಲ್ಲಿ ಲಾರಿ ಕಲಿತವನು ಹೋಗಬೇಕಾದ್ದು ಎಲ್ಲಿಗೆ? ಪೂರ್ವಕ್ಕೆ ಶಾಂತಿಗ್ರಾಮದ ಟೋಲ್ ದಾಟಿದರೆ ಬೆಂಗಳೂರಿಗೆ ಅಗಲವಾದ ರಸ್ತೆ. ಪಶ್ಚಿಮಕ್ಕೆ ಆಲೂರು, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಲ್, ಮಾರನಹಳ್ಳಿ ಮಾರ್ಗವಾಗಿ ಶಿರಾಡಿ ಘಾಟಿ ಇಳಿದು ಗುಂಡ್ಯ, ಅಲ್ಲಿಂದ ಮಂಗಳೂರಿನ ಬಂದರು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆ ಎತ್ತರವನ್ನೆಲ್ಲ ಲಾರಿ ತನ್ನ ಹೊರೆಯೊಂದಿಗೆ ಕಾಡಿನ ನಡುವೆ ಇಳಿಯಬೇಕು. ಬೇರೆ ದಾರಿಗಳು ಹೆಸರಿಗೆ ಇವೆ. ಚಾರ್ಮಾಡಿ ಘಾಟಿ 2019ರ ಭೂಕುಸಿತಗಳ ನಂತರ ಭಾರಿ ಲಾರಿಗಳಿಗೆ ಮುಚ್ಚಿತು. ಶಿರಾಡಿಯನ್ನೇ 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಬಂದ್ ಮಾಡಿದ್ದರು, ತೆರೆದ ಮೇಲೆ ಅದೇ ಮಳೆಗಾಲದಲ್ಲಿ ಗುಡ್ಡ ಕುಸಿದು ಮತ್ತೆ ಸಂಚಾರ ನಿಂತಿತು. ಮಲೆನಾಡಿನ ಕಾಫಿ, ಬಂದರಿನಿಂದ ಮೇಲಕ್ಕೆ ಬರುವ ಗ್ಯಾಸ್, ಗೊಬ್ಬರ, ಎಣ್ಣೆ ಎಲ್ಲಕ್ಕೂ ಈ ಇಳಿಜಾರೇ ಗತಿ.

ಇಂಥ ಊರಿನ ಶಾಲೆಯಲ್ಲಿ ನಾವು ಕಲಿತ ಗಾಡಿ ಮೊದಲಿನಿಂದ ಕೊನೆಯವರೆಗೂ ಖಾಲಿ. ಹಿಂದಿನ ತೊಟ್ಟಿಯಲ್ಲಿ ಒಂದು ಸ್ಟೆಪ್ನಿ, ಒಂದು ಜಾಕ್, ಅಷ್ಟೇ. ಆರು ಚಕ್ರದ ಲಾರಿ ಖಾಲಿ ಇದ್ದಾಗ ಆರು ಟನ್ ಆಸುಪಾಸು ತೂಗುತ್ತದೆ. 2018ರಲ್ಲಿ ಅಚ್ಚಿನ ಭಾರದ ಮಿತಿಯನ್ನು ಏರಿಸಿದಾಗ ಮುಂದಿನ ಅಚ್ಚಿಗೆ 7 ಟನ್, ಜೋಡಿ ಟೈರಿನ ಹಿಂದಿನ ಅಚ್ಚಿಗೆ 11.5 ಟನ್ ಎಂದಾಯಿತು, ಅಂದರೆ ಒಟ್ಟು 18.5 ಟನ್. ಮೂರು ಪಟ್ಟು. ಒಂದೇ ವೇಗದಲ್ಲಿ ಒಂದೇ ಇಳಿಜಾರಿನಲ್ಲಿ ಬರುವ ತುಂಬಿದ ಗಾಡಿಯನ್ನು ಹಿಡಿಯಲು ಬ್ರೇಕ್ ಮೂರು ಪಟ್ಟು ಶಾಖವನ್ನು ನುಂಗಬೇಕು. ಚಕ್ರದೊಳಗಿನ ಬ್ರೇಕ್ ಡ್ರಮ್ ಬಿಸಿಯಾದಂತೆ ಹಿಗ್ಗುತ್ತದೆ, ಅದನ್ನು ಒತ್ತಿ ಹಿಡಿಯುವ ಲೈನಿಂಗ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ತುಳಿಯುತ್ತಿರುತ್ತೀರಿ, ಗಾಡಿ ಮಾತ್ರ ಕೇಳುವುದಿಲ್ಲ. ಇದನ್ನು ಕರಿಹಲಗೆಯ ಮೇಲೆ ಬರೆದುಕೊಟ್ಟರು. ಬರೆದದ್ದು ಅರ್ಥವಾಯಿತು. ಆದರೆ ಅರ್ಥವಾಗುವುದಕ್ಕೂ ಬೆನ್ನಿಗೆ ತಾಗುವುದಕ್ಕೂ ವ್ಯತ್ಯಾಸವಿದೆ.

ಆ ವ್ಯತ್ಯಾಸ ತಿಳಿಯಲೆಂದೇ ನಾನು ತರಬೇತಿಯ ನಡುವೆ ಒಂದು ಭಾನುವಾರ ಮಾವನ ಲಾರಿಯಲ್ಲಿ ಕ್ಲೀನರ್ ಸೀಟಿನಲ್ಲಿ ಕುಳಿತು ಘಾಟಿ ಇಳಿದೆ. ಹಿಂದೆ ಕಾಫಿ ಚೀಲಗಳು, ಮೇಲೆ ಟಾರ್ಪಾಲು. ಮಾರನಹಳ್ಳಿಗೆ ಮುಂಚೆ ಮಾವ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದು ಒಂದು ಸುತ್ತು ಬಂದು, ಚಕ್ರದ ಹಬ್ಬುಗಳ ಹತ್ತಿರ ಅಂಗೈ ಹಿಡಿದು ಶಾಖ ನೋಡಿದರು. ಹತ್ತಿ ಕುಳಿತು ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿದರು. ‘ಈ ದಿಣ್ಣೆಯನ್ನು ಹತ್ತಬೇಕಾದರೆ ಯಾವ ಗೇರ್ ಬೇಕೋ ಇಳಿಯುವುದಕ್ಕೂ ಅದೇ ಗೇರ್. ನಡುವೆ ಬದಲಾಯಿಸುತ್ತೇನೆ ಎನ್ನಬೇಡ. ಕ್ಲಚ್ ತುಳಿದಾಗ ಗಾಡಿ ಓಡಿಬಿಡುತ್ತದೆ, ಆಮೇಲೆ ಗೇರ್ ಒಳಗೆ ಹೋಗುವುದಿಲ್ಲ’ ಎಂದರು. ಎಕ್ಸಾಸ್ಟ್ ಬ್ರೇಕ್ ಹಾಕಿದರು. ಹೊಗೆ ಹೋಗುವ ದಾರಿಯನ್ನು ಮುಚ್ಚಿ ಇಂಜಿನ್ನಿನ ಉಸಿರನ್ನೇ ಬಿಗಿಹಿಡಿದು ಗಾಡಿಯನ್ನು ತಡೆಯುವ ಏರ್ಪಾಡು ಅದು. ಅಲ್ಲಿಂದ ಕೆಳಗೆ ಪೆಡಲ್ ಬ್ರೇಕಿನ ಸದ್ದು ಅಪರೂಪಕ್ಕೆ ಕೇಳುತ್ತಿತ್ತು, ಗಟ್ಟಿಯಾಗಿ ಒಂದು ಸಲ ತುಳಿದು ಬಿಡುವುದು, ಮತ್ತೆ ಇಂಜಿನ್ನಿಗೆ ಬಿಡುವುದು. ಹಿಂದಿನಿಂದ ಹಾರ್ನ್ ಹಾಕುತ್ತಿದ್ದ ಕಾರುಗಳಿಗೆ ಮಾವ ತಲೆ ಕೆಡಿಸಿಕೊಳ್ಳಲಿಲ್ಲ.

ಭಾರ ಏನೆಂದು ಆಗ ತಿಳಿಯಿತು. ತುಂಬಿದ ಲಾರಿ ತಿರುವಿಗೆ ಬಂದಾಗ ಒಂದು ಕ್ಷಣ ತಡವಾಗಿ ವಾಲುತ್ತದೆ, ತುಂಬಿದ ಕೊಡ ಹೊತ್ತವರು ಹೊರಳಿದಾಗ ನೀರು ಆಮೇಲೆ ಹೊರಳುವ ಹಾಗೆ. ಖಾಲಿ ಗಾಡಿಯಲ್ಲಿ ಆ ತಡವಿಲ್ಲ. ಖಾಲಿ ಗಾಡಿಯಲ್ಲಿ ಎರಡನೇ ಗೇರಿನಲ್ಲೇ ಹೊರಡಬಹುದು, ದಿಣ್ಣೆಯಲ್ಲಿ ನಿಲ್ಲಿಸಿ ಎತ್ತಿದರೂ ಹಿಂದಕ್ಕೆ ಜಾರುವುದಿಲ್ಲ, ಬ್ರೇಕ್ ತುಳಿದಲ್ಲೇ ನಿಲ್ಲುತ್ತದೆ. ಹದಿನೈದು ಗಂಟೆ ಖಾಲಿ ಲಾರಿ ಓಡಿಸಿದವನ ಕಾಲಿಗೆ ಒಂದು ನಂಬಿಕೆ ಅಂಟಿಕೊಳ್ಳುತ್ತದೆ, ಮತ್ತು ಆ ನಂಬಿಕೆ ಸುಳ್ಳು. ಅವನಿಗೆ ಲೈಸೆನ್ಸ್ ಕೊಟ್ಟು ಮರುವಾರ ಹನ್ನೆರಡು ಟನ್ ಹೊರಿಸಿ ಶಿರಾಡಿಗೆ ಕಳಿಸುತ್ತೇವೆ. ಅಪಘಾತವಾದಾಗ ಬ್ರೇಕ್ ಫೇಲ್ ಎಂದು ಬರೆದು ಮುಗಿಸುತ್ತೇವೆ. ಅದರಲ್ಲಿ ಎಷ್ಟು ಬ್ರೇಕಿನ ದೋಷ, ಎಷ್ಟು ಕಲಿಸದೆ ಬಿಟ್ಟವರ ದೋಷ?

ಚಾಲಕನನ್ನು ಬೈಯುವುದು ನಮಗೆ ಬಹಳ ಸುಲಭವಾಗಿದೆ. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಜನರ ಗುಂಪಿನ ಕೋಪದಿಂದಾಗಿ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಎಂದೂ ಅದೇ ಕಲಂ ಹೇಳುತ್ತದೆ. ತರಗತಿಯಲ್ಲಿ ಇದನ್ನು ಓದಿದ ದಿನ ಯಾರೂ ಮಾತನಾಡಲಿಲ್ಲ. ಜನ ಹೊಡೆಯುತ್ತಾರೆ ಎಂಬುದನ್ನು 1988ರ ಕಾನೂನೇ ಒಪ್ಪಿಕೊಂಡು ಬರೆದಿದೆ. ಹಾಗೆಯೇ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು ಹಾಕಿದ್ದ ಮಿತಿಯನ್ನೂ ಓದಿದೆವು. ಅಷ್ಟು ಹೊತ್ತಿಗೆ ಕೆಳಗಿಳಿದು ಮಲಗಿದ ಲಾರಿ ಚಾಲಕನನ್ನು ನಾನು ಈವರೆಗೆ ಕಂಡಿಲ್ಲ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ, ಅದು ದೊಡ್ಡ ಸಮಾಧಾನ. ಇಂಜಿನ್ನಿನ ಕಾವಿನ ಪಕ್ಕದಲ್ಲಿ ದಿನವಿಡೀ ಕುಳಿತವನಿಗೆ ಅದು ಐಷಾರಾಮವಲ್ಲ, ಎಚ್ಚರವಾಗಿರಲು ಬೇಕಾದ ಸಲಕರಣೆ.

ಪರೀಕ್ಷೆಯ ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಮ್ಮ ಕಡೆ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರು ಹತ್ತಿ ಕುಳಿತರು, ಮುಂದಕ್ಕೆ ಓಡಿಸಿದೆ, ತಿರುಗಿಸಿದೆ, ಹಿಂದಕ್ಕೆ ತಂದೆ, ದಿಬ್ಬದಲ್ಲಿ ನಿಲ್ಲಿಸಿ ಎತ್ತಿದೆ. ಅದೂ ಖಾಲಿ ಗಾಡಿಯಲ್ಲೇ.

ಲೈಸೆನ್ಸ್ ಕೈಗೆ ಬಂದ ಮೇಲೆ ಸಿಹಿ ಹಿಡಿದುಕೊಂಡು ಶಾಲೆಗೆ ಹೋದಾಗ ಮೇಷ್ಟ್ರ ಹತ್ತಿರ ಈ ಮಾತು ತೆಗೆದೆ. ಮೈದಾನದ ಒಳಗಾದರೂ ಭಾರ ಹೇರಿ ಕಲಿಸಬೇಕು, ಕೊನೆಯ ದಿನಗಳಲ್ಲಿ ಪ್ರತಿಯೊಬ್ಬರೂ ತುಂಬಿದ ಗಾಡಿಯನ್ನು ಅಲ್ಲಿನ ಮಣ್ಣಿನ ದಿಬ್ಬ ಹತ್ತಿಸಿ, ನಡುವೆ ನಿಲ್ಲಿಸಿ, ಗೇರಿನಲ್ಲೇ ಇಳಿಸಬೇಕು ಎಂದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ನಾನೂ ವರ್ಷಗಳಿಂದ ಕೇಳುತ್ತಿದ್ದೇನೆ, ಭಾರ ಹೇರಿದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ, ಟೈರ್ ಸವೆಯುತ್ತದೆ, ಶುಲ್ಕ ಏರಿಸಿದರೆ ಹುಡುಗರು ಬರುವುದಿಲ್ಲ ಎಂಬ ಉತ್ತರ ಬರುತ್ತದೆ ಎಂದರು. ನಾನು ಒಪ್ಪಲಿಲ್ಲ. ಒಂದು ಕ್ಲಚ್ ಪ್ಲೇಟಿನ ಬೆಲೆಯನ್ನು ಇಡೀ ತಂಡದ ಮೇಲೆ ಹಂಚಿದರೆ ತಲೆಗೆ ಬರುವುದು ದೊಡ್ಡ ಮೊತ್ತವಲ್ಲ. ಹೇರುವುದಕ್ಕೆ ಏನು ಬೇಕು, ನಾವು ತರುತ್ತೇವೆ ಎಂದೆ. ಅವರು ಸ್ವಲ್ಪ ಯೋಚಿಸಿ, ‘ಐದು ಟನ್ ಆದರೂ ಸಾಕು, ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಮಾಲೀಕರನ್ನು ನಾನು ಒಪ್ಪಿಸುತ್ತೇನೆ’ ಎಂದರು.

ಒಪ್ಪಿಸಿದರು. ನಮ್ಮ ತಂಡದವರು ತಮ್ಮ ತಮ್ಮ ಊರಿನಿಂದ ಗೊಬ್ಬರದ ಖಾಲಿ ಚೀಲಗಳನ್ನು ತಂದರು. ಕ್ರಷರ್ ಪುಡಿಯನ್ನು ಮಾವ ತಮ್ಮ ಲಾರಿಯಲ್ಲೇ ತಂದು ಸುರಿದುಕೊಟ್ಟರು. ಐವತ್ತು ಕೆ.ಜಿ.ಯಂತೆ ನೂರು ಚೀಲ ತುಂಬಿ, ಬಾಯಿ ಹೊಲಿದು, ಹಿಂದಿನ ಅಚ್ಚಿನ ಮೇಲೆ ಒಂದೇ ಕಡೆ ಗುಡ್ಡೆಯಾಗದಂತೆ ತೊಟ್ಟಿಯ ಉದ್ದಕ್ಕೂ ಜೋಡಿಸಿ, ಜರುಗದಂತೆ ಹಗ್ಗ ಬಿಗಿದೆವು. ಮೇಷ್ಟ್ರು ವೇಬ್ರಿಡ್ಜಿಗೆ ಕೊಂಡುಹೋಗಿ ತೂಗಿಸಿ ಚೀಟಿ ತಂದು ಕರಿಹಲಗೆಯ ಪಕ್ಕದಲ್ಲಿ ಅಂಟಿಸಿದರು. ಮುಂದಿನ ತಂಡದಲ್ಲಿ ಚಿಕ್ಕಮಗಳೂರು ಕಡೆಯಿಂದ ಬಂದ ಕೆಲವರಿದ್ದಾರೆ. ಅವರು ಮೂರನೆಯ ವಾರದಿಂದ ಆ ಗಾಡಿಯನ್ನು ದಿಬ್ಬ ಹತ್ತಿಸುತ್ತಾರೆ.